ಇಳಿದವರು ಯಾರು, ಹತ್ತಿದವರು ಯಾರು: ಬೈಬಲಿನ ನಾಡನ್ನು ನಡೆದು ಓದುವ ಬಗೆ

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಕೇಳದ ಕ್ರೈಸ್ತರಿಲ್ಲ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ ಒಬ್ಬನು ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದಾನೆ. ಯಾಜಕನೊಬ್ಬ ಅವನನ್ನು ನೋಡಿಯೂ ಓರೆಯಾಗಿ ಹೋಗಿಬಿಡುತ್ತಾನೆ. ಇದಕ್ಕೆ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಕಾರಣ ಒಂದೇ: ಹೆಣ ಮುಟ್ಟಿದರೆ ಮೈಲಿಗೆ, ಮೈಲಿಗೆಯಾದರೆ ದೇವಾಲಯದ ಸೇವೆ ತಪ್ಪುತ್ತದೆ, ಪಾಪ, ಅವನಿಗೂ ಕಷ್ಟ.

ಲೂಕ 10:31 ಅನ್ನು ಇನ್ನೊಮ್ಮೆ ಓದಿ. ಯಾಜಕನೂ ಆ ದಾರಿಯಲ್ಲಿ ಇಳಿದು ಬರುತ್ತಿದ್ದ. ಗ್ರೀಕ್ ಮೂಲದಲ್ಲಿ 30 ಮತ್ತು 31ನೇ ವಚನಗಳೆರಡರಲ್ಲೂ ಒಂದೇ ಕ್ರಿಯಾಪದವಿದೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗಿದೆ. ನಡುವೆ ಇರುವುದು ಸುಮಾರು 25 ಕಿ.ಮೀ. ದಾರಿ, ಅಷ್ಟರಲ್ಲೇ ಒಂದು ಸಾವಿರ ಮೀಟರ್ ಇಳಿತ. ಈ ದಾರಿಯಲ್ಲಿ ಇಳಿಯುವವನು ದೇವಾಲಯಕ್ಕೆ ಬೆನ್ನು ಹಾಕಿದವನು. ಯಾಜಕರ ದೊಡ್ಡದೊಂದು ಪಾಲು ಯೆರಿಕೋವಿನಲ್ಲಿ ವಾಸವಾಗಿತ್ತೆಂದು ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ. ಅಂದರೆ ಇವನು ಸೇವೆಗೆ ಹೋಗುತ್ತಿರಲಿಲ್ಲ, ಅದನ್ನು ಮುಗಿಸಿ ಮನೆಗೆ ಹೊರಟಿದ್ದ ಎಂದು ಓದುವುದೇ ಸಹಜ. ಹತ್ತಿರದ ಬಂಧುವಿನದಲ್ಲದ ಹೆಣವನ್ನು ಯಾಜಕ ಮುಟ್ಟಬಾರದೆಂಬ ಯಾಜಕಕಾಂಡ 21ರ ನಿಯಮ ಅವನಿಗೆ ಎಲ್ಲ ಹೊತ್ತಿನಲ್ಲೂ ಅನ್ವಯಿಸುತ್ತದೆ, ಹಾಗಾಗಿ ಮೈಲಿಗೆಯ ಭಯ ಪೂರ್ತಿ ಇಲ್ಲವಾಗುವುದಿಲ್ಲ. ಆದರೆ ಸೇವೆ ತಪ್ಪುತ್ತದೆ ಎಂಬ ನೆಪ ಅವನ ಕೈಯಿಂದ ಜಾರುತ್ತದೆ.

ಬೈಬಲಿನ ಸ್ಥಳಗಳಿಗೆ ಹೋಗಿ ಓದುವುದರಿಂದ ಸಿಗುವ ಲಾಭ ಇಂಥದ್ದು. ಇದು ಪವಾಡವೊಂದನ್ನು ಸಾಬೀತು ಮಾಡುವ ಯಾತ್ರೆಯಲ್ಲ. ಬರೆದವರಿಗೂ ಕೇಳಿದವರಿಗೂ ಗೊತ್ತಿದ್ದ ಕಾರಣಕ್ಕೆ ಬರೆಯದೆ ಬಿಟ್ಟ ಸಂಗತಿಗಳನ್ನು, ಅಂದರೆ ಏರು, ಇಳಿವು, ದೂರ, ನೀರು, ಎಲ್ಲಿಂದ ಏನು ಕಾಣುತ್ತದೆ, ಮನೆಯನ್ನು ಯಾವ ಕಲ್ಲಿನಲ್ಲಿ ಕಟ್ಟುತ್ತಾರೆ ಎಂಬುದನ್ನೆಲ್ಲ ಮರಳಿ ಪಡೆಯುವ ಕೆಲಸ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಕಂಡವರಿಗೆ ‘ಘಟ್ಟ ಇಳಿದ’ ಎಂದರೆ ಸಾಕು, ತಿರುವು, ಕಾಡು, ಸೆಖೆ ಎಲ್ಲವೂ ಕಣ್ಣಿಗೆ ಬರುತ್ತವೆ. ಲೂಕನ ಮೊದಲ ಓದುಗರಲ್ಲಿ ಆ ನಾಡನ್ನು ಬಲ್ಲವರಿಗೆ ‘ಯೆರಿಕೋವಿಗೆ ಇಳಿದ’ ಎಂಬುದು ಅಂಥದೇ ಮಾತು.

ಹೊರಡುವ ಮೊದಲು ಮಾಡಬೇಕಾದ ಮನೆಗೆಲಸ

ನಕಾಶೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೆರೆ ಎಳೆಯಿರಿ. ಮೊದಲು ಮೆಡಿಟರೇನಿಯನ್ ಕರಾವಳಿಯ ಬಯಲು. ಆಮೇಲೆ ಷೆಫೇಲ ಎಂಬ ತಗ್ಗು ಗುಡ್ಡಗಳ ಸಾಲು. ಅದರಾಚೆ ಹೆಬ್ರೋನ್, ಬೇತ್ಲೆಹೇಮ್, ಯೆರೂಸಲೇಮ್‌ಗಳಿರುವ ಬೆಟ್ಟದ ಬೆನ್ನು. ಅಲ್ಲಿಂದ ಯೂದಾಯದ ಅಡವಿಯ ಮೂಲಕ ಯೊರ್ದನ್ ಕಣಿವೆಗೆ ಧುಮುಕು; ಲವಣಸಮುದ್ರದ ದಂಡೆ ಸಮುದ್ರಮಟ್ಟಕ್ಕಿಂತ 430 ಮೀಟರಿನಷ್ಟು ಕೆಳಗಿದೆ. ಅದರಾಚೆ ಇಂದಿನ ಜೋರ್ಡಾನಿನ ಎತ್ತರದ ಬಯಲು. ಮಳೆ ಮೋಡ ಬರುವುದು ಪಶ್ಚಿಮದಿಂದ. ಹಾಗಾಗಿ ಯೆರೂಸಲೇಮಿನಲ್ಲಿ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯಾದರೆ ಯೆರಿಕೋವಿನಲ್ಲಿ 150ರ ಆಸುಪಾಸು. ಪಶ್ಚಿಮಘಟ್ಟದ ಮರೆಯಲ್ಲಿ ಬಯಲುಸೀಮೆ ಒಣಗುವ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ, ಆದರೆ 25 ಕಿ.ಮೀ. ಒಳಗೇ ಮುಗಿದುಹೋಗುತ್ತದೆ. ದಾವೀದ ಸೌಲನಿಂದ ತಪ್ಪಿಸಿಕೊಳ್ಳಲು ಮತ್ತೆ ಮತ್ತೆ ಪೂರ್ವದ ಅಡವಿಗೆ ಏಕೆ ಓಡುತ್ತಾನೆ ಎಂಬುದಕ್ಕೆ ಅರ್ಧ ಉತ್ತರ ಈ ಗೆರೆಯಲ್ಲೇ ಇದೆ.

ನೋಡಲಿರುವ ಪ್ರತಿ ಸ್ಥಳದ ವಚನಭಾಗವನ್ನು ಪೆನ್ಸಿಲ್ ಹಿಡಿದು ಓದಿ. ಗುರುತು ಹಾಕಬೇಕಾದ್ದು ಹತ್ತು ಮತ್ತು ಇಳಿ ಎಂಬ ಕ್ರಿಯಾಪದಗಳಿಗೆ, ಅಕ್ಕಪಕ್ಕದ ಊರುಗಳ ಹೆಸರಿಗೆ, ನೀರಿನ ಮಾತಿಗೆ, ಮತ್ತೆ ದೂರವನ್ನೋ ಹೊತ್ತನ್ನೋ ಹೇಳುವ ಮಾತಿಗೆ. ಯೋಹಾನ 4ರಲ್ಲಿ ಕಾನಾ ಊರಿನಲ್ಲಿದ್ದ ಯೇಸುವನ್ನು ಅರಮನೆಯ ಅಧಿಕಾರಿಯೊಬ್ಬ ಕಪೆರ್ನೌಮಿಗೆ ‘ಇಳಿದು ಬಾ’ ಎಂದು ಬೇಡುತ್ತಾನೆ. ಕಾನಾ ಇರುವುದು ಬೆಟ್ಟದ ಸೀಮೆಯಲ್ಲಿ. ಕಪೆರ್ನೌಮ್ ಸಮುದ್ರಮಟ್ಟಕ್ಕಿಂತ 210 ಮೀಟರಿನಷ್ಟು ಕೆಳಗಿರುವ ಸರೋವರದ ದಡದಲ್ಲಿದೆ. ಪದ ಸರಿಯಾಗಿಯೇ ಬಿದ್ದಿದೆ.

ಕನ್ನಡ ಬೈಬಲ್ ಕೈಯಲ್ಲಿಟ್ಟುಕೊಂಡು ಹೋಗುವವರಿಗೆ ಹೆಸರುಗಳದೇ ಒಂದು ತೊಡಕು. ರಸ್ತೆ ಫಲಕಗಳು ಹೀಬ್ರೂ, ಅರಬ್ಬಿ, ಇಂಗ್ಲಿಷಿನಲ್ಲಿರುತ್ತವೆ, ಈಗಿನ ಹೆಸರು ಬೇರೆಯೇ ಇರಬಹುದು. ಶೆಕೆಮ್ ಈಗಿನ ನಾಬ್ಲುಸ್ ನಗರದ ಅಂಚಿನಲ್ಲಿದೆ, ಹೆಬ್ರೋನ್ ಅರಬ್ಬಿಯಲ್ಲಿ ಅಲ್ ಖಲೀಲ್, ಯೆರಿಕೋ ಅರೀಹಾ. ಬೈಬಲಿನ ಹೆಸರು, ಈಗಿನ ಹೆಸರು, ಎತ್ತರ, ವಚನ ಎಂದು ನಾಲ್ಕು ಕಲಂ ಮಾಡಿ ಒಂದು ಹಾಳೆ ತಯಾರಿಸಿಕೊಂಡರೆ ಬಸ್ಸಿನಲ್ಲಿ ತಡಕಾಡುವುದು ತಪ್ಪುತ್ತದೆ.

‘ಇದೇ ಜಾಗ’ ಎಂದು ಹೇಗೆ ಗೊತ್ತು?

ಈ ಪ್ರಶ್ನೆ ಕೇಳದವನು ಎಷ್ಟು ಸುತ್ತಿದರೂ ಫೋಟೊ ಮಾತ್ರ ತರುತ್ತಾನೆ.

1838ರಲ್ಲಿ ಅಮೆರಿಕದ ವಿದ್ವಾಂಸ ಎಡ್ವರ್ಡ್ ರಾಬಿನ್ಸನ್, ಅರಬ್ಬಿ ಚೆನ್ನಾಗಿ ಬಲ್ಲ ಮಿಷನರಿ ಎಲೀ ಸ್ಮಿತ್ ಜೊತೆ ಆ ನಾಡನ್ನು ಸುತ್ತಿದ. ಮಠಗಳು ತೋರಿಸಿದ್ದನ್ನು ನಂಬುವ ಬದಲು ಹಳ್ಳಿಗರು ತಮ್ಮ ಊರನ್ನು ಏನೆಂದು ಕರೆಯುತ್ತಾರೆ ಎಂದು ಇಬ್ಬರೂ ಕೇಳುತ್ತ ಹೋದರು. ಅನಾತಾ ಎಂಬ ಹಳ್ಳಿಯಲ್ಲಿ ಯೆರೆಮೀಯನ ಅನಾತೋತ್ ಉಳಿದಿತ್ತು, ಮುಖ್ಮಾಸ್‌ನಲ್ಲಿ ಮಿಕ್ಮಾಷ್, ಬೇತಿನ್‌ನಲ್ಲಿ ಬೇತೇಲ್. ರಾಜ್ಯಗಳು ಬದಲಾದರೂ ಉಳುವವರ ಬಾಯಲ್ಲಿ ಊರಿನ ಹೆಸರು ಸವೆದಾದರೂ ಬದುಕುತ್ತದೆ.

ಆದರೆ ಹೆಸರೊಂದೇ ಸಾಲದು. ವಚನ ಹೇಳುವ ನೆರೆಹೊರೆಗೆ ಜಾಗ ಹೊಂದಬೇಕು, ನೆಲದಡಿ ಆ ಕಾಲದ ಮಡಕೆ ಚೂರು ಸಿಗಬೇಕು, ಹಳೆಯ ಬರಹಗಳು ಅದೇ ಜಾಗವನ್ನು ಹೇಳಿದ್ದರೆ ಇನ್ನೂ ಒಳ್ಳೆಯದು. 4ನೇ ಶತಮಾನದ ಆದಿಯಲ್ಲಿ ಕೈಸರೈಯದ ಯುಸೇಬಿಯಸ್ ಬರೆದ ಸ್ಥಳನಾಮಗಳ ಪಟ್ಟಿ, ಜೋರ್ಡಾನಿನ ಮಾದಬಾ ಊರಿನ ಚರ್ಚಿನಲ್ಲಿರುವ 6ನೇ ಶತಮಾನದ ನೆಲಚಿತ್ರದ ನಕಾಶೆ ಇಂಥ ಸಾಕ್ಷಿಗಳು. ಇವೆಲ್ಲಕ್ಕಿಂತ ಗಟ್ಟಿಯಾದದ್ದು ಅಲ್ಲೇ ಸಿಕ್ಕ ಬರಹ, ಆದರೆ ಅದು ಅಪರೂಪ. ಯೆರೂಸಲೇಮಿನ ಉತ್ತರದ ಅಲ್ ಜಿಬ್ ಹಳ್ಳಿಯೇ ಗಿಬ್ಯೋನ್ ಎಂದು ರಾಬಿನ್ಸನ್ ಹೆಸರಿನ ಆಧಾರದ ಮೇಲೆ ಊಹಿಸಿದ್ದ. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1956ರಿಂದ ಜೇಮ್ಸ್ ಪ್ರಿಚರ್ಡ್ ಅಲ್ಲಿ ಅಗೆದಾಗ ‘ಗಿಬ್ಯೋನ್’ ಎಂದು ಹೀಬ್ರೂವಿನಲ್ಲಿ ಕೊರೆದ ಹೂಜಿಯ ಹಿಡಿಕೆಗಳು ಹತ್ತಾರು ಸಿಕ್ಕವು. ಬಂಡೆಯಲ್ಲಿ ಕೊರೆದು ಮೆಟ್ಟಿಲು ಕಡಿದ, ಸುಮಾರು 11 ಮೀಟರ್ ಅಗಲದ ದೊಡ್ಡ ಬಾವಿಯೂ ಸಿಕ್ಕಿತು. ಸೌಲನ ಮನೆತನದ ಸೇನಾಪತಿ ಅಬ್ನೇರನ ಕಡೆಯವರೂ ದಾವೀದನ ಸೇನಾಪತಿ ಯೋವಾಬನ ಕಡೆಯವರೂ ಎದುರುಬದುರು ಕೂತ ಗಿಬ್ಯೋನಿನ ಕೊಳ (2 ಸಮುವೇಲ 2:13) ಇದೇ ಇರಬಹುದೆಂದು ಹಲವರ ಅಭಿಪ್ರಾಯ.

ಪುನರುತ್ಥಾನದ ದಿನ ಯೇಸು ಇಬ್ಬರು ಶಿಷ್ಯರ ಜೊತೆ ನಡೆದು ಹೋದ ಎಮ್ಮಾಹುವಿನ ಕತೆ ಇದಕ್ಕೆ ತದ್ವಿರುದ್ಧ. ಲೂಕ 24:13ರ ಪ್ರಕಾರ ಅದು ಯೆರೂಸಲೇಮಿಗೆ 60 ಸ್ತಾದಿಯ ದೂರ, ಸುಮಾರು 11 ಕಿ.ಮೀ. ಆದರೆ ಕೆಲವು ಹಸ್ತಪ್ರತಿಗಳಲ್ಲಿ 160 ಎಂದಿದೆ, ಅಂದರೆ 30 ಕಿ.ಮೀ. ಹತ್ತಿರ. ಹೆಸರನ್ನು ಉಳಿಸಿಕೊಂಡ ಇಮ್ವಾಸ್ ದೊಡ್ಡ ಅಂಕಿಗೆ ಹೊಂದುತ್ತದೆ. ಅಬು ಘೋಷ್, ಕುಬೈಬಾ ಚಿಕ್ಕ ಅಂಕಿಗೆ ಹೊಂದುತ್ತವೆ. ಎಲ್ಲ ಕಡೆಯೂ ಚರ್ಚುಗಳಿವೆ, ಎಲ್ಲ ಕಡೆಯೂ ಯಾತ್ರಿಕರು ರೊಟ್ಟಿ ಮುರಿಯುತ್ತಾರೆ. ಇಲ್ಲಿ ತೀರ್ಮಾನ ನೆಲದಲ್ಲಿಲ್ಲ, ಹಸ್ತಪ್ರತಿಯಲ್ಲಿದೆ. ಶಿಷ್ಯರು ಅದೇ ರಾತ್ರಿ ಯೆರೂಸಲೇಮಿಗೆ ಮರಳಿದರು ಎಂಬ 33ನೇ ವಚನವನ್ನು ಮುಂದಿಟ್ಟುಕೊಂಡು 30 ಕಿ.ಮೀ. ಏರುದಾರಿಯನ್ನು ನೆನೆಸಿಕೊಳ್ಳುವುದು ಮಾತ್ರ ನಮ್ಮ ಕೈಲಾಗುವ ಪರೀಕ್ಷೆ.

ಕಣ್ಣಿಗೆ ಒಪ್ಪುವುದೆಲ್ಲ ಸರಿಯಲ್ಲ ಎಂಬುದಕ್ಕೆ ಯೇಸುವಿನ ಸಮಾಧಿ ಉದಾಹರಣೆ. ಪವಿತ್ರ ಸಮಾಧಿಯ ಚರ್ಚು ಹಳೆಯ ಪಟ್ಟಣದ ಗೋಡೆಯೊಳಗೆ, ಧೂಪದ ಹೊಗೆ ಮತ್ತು ಗದ್ದಲದ ನಡುವೆ ಇದೆ. ಗೋಡೆಯ ಹೊರಗಿನ ‘ತೋಟದ ಸಮಾಧಿ’ಯಲ್ಲಿ ಮರ, ಹೂವು, ಮೌನ. ಯೋಹಾನನ ಸುವಾರ್ತೆ ಓದಿ ಬಂದವರ ಮನಸ್ಸು ಎರಡನೆಯದಕ್ಕೇ ವಾಲುತ್ತದೆ. 1883ರಲ್ಲಿ ಬ್ರಿಟಿಷ್ ಸೇನೆಯ ಜನರಲ್ ಗಾರ್ಡನ್ ಅದಕ್ಕೆ ಪ್ರಚಾರ ಕೊಟ್ಟದ್ದೂ ಈ ಮನಸ್ಸಿನಿಂದಲೇ. ಆದರೆ ತೋಟದ ಸಮಾಧಿಯ ಕೊರೆತದ ಶೈಲಿ ಅರಸರ ಕಾಲದ್ದು, ಯೇಸುವಿಗಿಂತ ಆರೇಳು ಶತಮಾನ ಹಳೆಯದು ಎಂಬುದು ಪುರಾತತ್ವಜ್ಞರ ವಾದ. ಯೋಹಾನ 19:41 ಹೇಳುವುದು ಹೊಸ ಸಮಾಧಿಯನ್ನು. ಇತ್ತ ಚರ್ಚಿನ ಜಾಗ ಆ ಕಾಲಕ್ಕೆ ಗೋಡೆಯ ಹೊರಗೇ ಇತ್ತು, ಗೋಡೆ ಅದನ್ನು ಸುತ್ತುವರಿದದ್ದು ಕ್ರಿ.ಶ. 40ರ ದಶಕದಲ್ಲಿ. ಚರ್ಚಿನೊಳಗೇ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಆ ಕಾಲದ ಶೈಲಿಯ ಗೂಡುಸಮಾಧಿಗಳಿವೆ. ಟಾರ್ಚ್ ಹಾಕಿ ನೋಡಿ, ಮುಖ್ಯ ಸಾಲಿನಲ್ಲಿ ನಿಂತವರಲ್ಲಿ ಬಹಳ ಮಂದಿ ಅತ್ತ ಬರುವುದೇ ಇಲ್ಲ.

ದಿಬ್ಬವನ್ನು ಓದುವುದು

ಹೆಸರಿನ ಮೊದಲಲ್ಲಿ ‘ತೇಲ್’ ಎಂದಿದ್ದರೆ ಅದು ಹಾಳೂರಿನ ದಿಬ್ಬ. ನೀರು, ಹೊಲ, ದಾರಿ ಮೂರೂ ಇರುವ ಕಡೆ ಊರು ಕಟ್ಟುತ್ತಾರೆ. ಅದು ಸುಟ್ಟೋ ಕುಸಿದೋ ಹೋದರೆ ಮಣ್ಣನ್ನು ಸಮ ಮಾಡಿ ಅದರ ಮೇಲೇ ಮತ್ತೆ ಕಟ್ಟುತ್ತಾರೆ. ಮೆಗಿದ್ದೋವಿನಲ್ಲಿ ಇಂಥ ಪದರಗಳು ಇಪ್ಪತ್ತಕ್ಕೂ ಹೆಚ್ಚು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಸೂತ್ರ ಸರಳ. ಆದರೆ ಮೇಲಿನವರು ತೋಡಿದ ಗುಂಡಿ, ಬಾವಿ, ಪಾಯ ಕೆಳಗಿನ ಪದರವನ್ನು ಸೀಳಿರುತ್ತವೆ. ಅದನ್ನು ಗಮನಿಸದೆ ಅಗೆದರೆ ಸಾವಿರ ವರ್ಷದ ಅಂತರದ ವಸ್ತುಗಳು ಒಂದೇ ಬುಟ್ಟಿಗೆ ಬೀಳುತ್ತವೆ.

ಈ ಎಡವಟ್ಟನ್ನು ತಡೆಯುವ ವಿಧಾನಕ್ಕೂ ಕರ್ನಾಟಕಕ್ಕೂ ನಂಟಿದೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಚೌಕ ಚೌಕವಾಗಿ ಅಗೆದು, ನಡುವೆ ಮಣ್ಣಿನ ಗೋಡೆಗಳನ್ನು ಹಾಗೇ ಬಿಟ್ಟು, ಆ ಗೋಡೆಯ ಮೈಯಲ್ಲಿ ಪದರಗಳನ್ನು ಓದಿದರು. ಇಂಗ್ಲೆಂಡಿನಲ್ಲಿ ಅವರ ಕೈಕೆಳಗೆ ಪಳಗಿದ್ದ ಕ್ಯಾಥ್ಲೀನ್ ಕೆನ್ಯನ್ 1952ರಿಂದ 1958ರವರೆಗೆ ಯೆರಿಕೋವಿನಲ್ಲಿ ಇದೇ ವಿಧಾನ ಬಳಸಿದರು. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಇದು ಯೆಹೋಶುವನ ಕಾಲದ ಬಿದ್ದ ಗೋಡೆ ಎಂದಿದ್ದನ್ನು ಕೆನ್ಯನ್ ಪರಿಶೀಲಿಸಿದಾಗ, ಅದು ಸುಮಾರು ಸಾವಿರ ವರ್ಷ ಹಿಂದಿನದೆಂದು ಕಂಡುಬಂತು. ಅವರ ಲೆಕ್ಕದಲ್ಲಿ ಕೋಟೆಯೂರು ಕ್ರಿ.ಪೂ. 1550ರ ಸುಮಾರಿಗೇ ಸುಟ್ಟುಹೋಗಿತ್ತು. ಈಗಲೂ ಕೆಲವು ಗೈಡುಗಳು ಗೋಡೆ ತೋರಿಸಿ ‘ಯೆಹೋಶುವ 6’ ಎನ್ನುತ್ತಾರೆ. ಯಾವ ಗೋಡೆ, ಯಾವ ಪದರ ಎಂದು ಕೇಳಿ. ಉತ್ತರ ಬರದಿದ್ದರೆ ಅಲ್ಲಿನ ಫಲಕವನ್ನೇ ಓದಿಕೊಳ್ಳಿ.

ಮೆಗಿದ್ದೋ, ಹಾಚೋರ್, ಗೆಜೆರ್ ಮೂರರಲ್ಲೂ ಆರು ಕೋಣೆಯ ಒಂದೇ ಬಗೆಯ ಊರಬಾಗಿಲಿದೆ. 1 ಅರಸುಗಳು 9:15 ಸೊಲೊಮೋನನು ಕಟ್ಟಿಸಿದ ಊರುಗಳೆಂದು ಈ ಮೂರನ್ನೂ ಒಟ್ಟಿಗೆ ಹೇಳುತ್ತದೆ. ಯಿಗಾಯೆಲ್ ಯಾದಿನ್ 1950ರ ದಶಕದಲ್ಲಿ ಇದನ್ನು ಜೋಡಿಸಿದಾಗ ಎಲ್ಲ ಸರಿಹೋಯಿತೆನಿಸಿತ್ತು. ಆಮೇಲೆ ಇಸ್ರಾಯೇಲ್ ಫಿಂಕೆಲ್‌ಸ್ಟೈನ್ ಮುಂತಾದವರು ಅವು ಒಂದು ಶತಮಾನ ತಡವಾದವು, ಉತ್ತರದ ಇಸ್ರಾಯೇಲಿನ ಅರಸ ಒಮ್ರಿಯ ವಂಶದ ಕಾಲದವು ಎಂದು ವಾದಿಸಿದರು. ಜಗಳ ಇನ್ನೂ ಮುಗಿದಿಲ್ಲ. ಇಂಥ ಕಡೆ ಟಿಪ್ಪಣಿ ಪುಸ್ತಕದಲ್ಲಿ ಎರಡು ಪಕ್ಷವನ್ನೂ ಬರೆದುಕೊಳ್ಳಬೇಕು, ಮನಸ್ಸಿಗೆ ಹಿತವಾದದ್ದನ್ನು ಮಾತ್ರವಲ್ಲ.

ಒಂದು ದಿನ, ಮೂರು ಜಾಗ

ವಿಧಾನ ಕಲಿಯಲು ಷೆಫೇಲದಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಯೆರೂಸಲೇಮಿನಿಂದ ಗಾಡಿಯಲ್ಲಿ ಒಂದು ಗಂಟೆಯೊಳಗಿನ ದಾರಿ. ಬೆಳಿಗ್ಗೆ ಎಂಟರೊಳಗೆ ಅಜೇಕದ ದಿಬ್ಬ ಹತ್ತಿ. ನೆತ್ತಿಯಲ್ಲಿ ಮೊದಲು ಉತ್ತರ ದಿಕ್ಕು ಗುರುತಿಸಿಕೊಂಡು ನಕಾಶೆಯನ್ನು ಅದಕ್ಕೆ ಸರಿಯಾಗಿ ತಿರುಗಿಸಿ. ಆಮೇಲೆ ಒಬ್ಬರು 1 ಸಮುವೇಲ 17:1–3 ಅನ್ನು ನಿಧಾನವಾಗಿ ಜೋರಾಗಿ ಓದಲಿ, ಉಳಿದವರು ಪ್ರತಿ ಹೆಸರು ಬಂದಾಗ ಅದರ ಕಡೆ ಕೈ ತೋರಿಸಲಿ. ಮಕ್ಕಳಾಟದಂತೆ ಕಂಡರೂ ಇದಕ್ಕಿಂತ ಚೆನ್ನಾಗಿ ನಾಟುವ ಪಾಠವಿಲ್ಲ. ಫಿಲಿಷ್ಟಿಯರು ಇಳಿದುಕೊಂಡದ್ದು ಸೋಕೋ ಮತ್ತು ಅಜೇಕದ ನಡುವೆ. ಆಗ್ನೇಯಕ್ಕೆ ಸೋಕೋ, ನಡುವೆ ಏಲಾ ತಗ್ಗು, ಪಶ್ಚಿಮಕ್ಕೆ ಹತ್ತು ಕಿ.ಮೀ.ಗೂ ಕಡಿಮೆ ದೂರದಲ್ಲಿ ಗೊಲ್ಯಾತನ ಊರಾದ ಗತ್.

ಈಗ ಪೂರ್ವಕ್ಕೆ ನೋಡಿ. ಈ ತಗ್ಗು ಬೇತ್ಲೆಹೇಮಿನ ಬೆಟ್ಟದ ಬೆನ್ನಿಗೆ ಹತ್ತುವ ಸಹಜ ದಾರಿ. ಬಯಲಿನವರು ಇದನ್ನು ಹಿಡಿದರೆ ಯೆಹೂದದ ಎದೆಗೆ ಹತ್ತಿದಂತೆ, ಬೆಟ್ಟದವರು ಹಿಡಿದರೆ ಬಯಲಿನ ಬಾಗಿಲು ಅವರ ಕೈಯಲ್ಲಿದ್ದಂತೆ. ನಲವತ್ತು ದಿನ ಎರಡೂ ಸೈನ್ಯಗಳು ಕದಲದೆ ಕೂತದ್ದೇಕೆ ಎಂಬುದೂ ನಿಂತಲ್ಲೇ ಅರ್ಥವಾಗುತ್ತದೆ: ಮೊದಲು ತಗ್ಗಿಗೆ ಇಳಿದವನು ಎದುರಿನ ಗುಡ್ಡವನ್ನು ಬಾಣದ ಮಳೆಯಲ್ಲಿ ಹತ್ತಬೇಕು. ಒಬ್ಬನಿಗೆ ಒಬ್ಬ ಎಂಬ ಗೊಲ್ಯಾತನ ಸವಾಲು ಬರಿಯ ಜಂಭವಲ್ಲ, ಈ ಬಿಕ್ಕಟ್ಟನ್ನು ಬಿಡಿಸುವ ಉಪಾಯ.

ದಾವೀದ ಅಣ್ಣಂದಿರಿಗೆ ತಂದ ಬುತ್ತಿಯನ್ನೂ ಲೆಕ್ಕ ಹಾಕಿ. ಒಂದು ಏಫ ಹುರಿದ ಕಾಳು, ಅಂದರೆ ಸುಮಾರು 22 ಲೀಟರ್ ಅಳತೆ, ಹತ್ತು ರೊಟ್ಟಿ, ಸೇನಾಧಿಪತಿಗೆ ಹತ್ತು ಗಿಣ್ಣಿನ ಉಂಡೆ. ಬೇತ್ಲೆಹೇಮಿನಿಂದ 20 ಕಿ.ಮೀ.ಗೂ ಹೆಚ್ಚು ದಾರಿ, ನಾನೂರು ಮೀಟರಿಗೂ ಹೆಚ್ಚು ಇಳಿತ. ‘ಮುಂಜಾನೆ ಎದ್ದು’ ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಬಸ್ಸಿನಿಂದ ಇಳಿದವರು ಓಡುವುದು ಹಳ್ಳದಲ್ಲಿ ಐದು ಕಲ್ಲು ಆಯಲು, ಅದನ್ನು ಕೊನೆಗಿಡಿ. ಬೇಸಿಗೆಯಲ್ಲಿ ಹಳ್ಳ ಒಣಗಿರುತ್ತದೆ.

ಗೊಲ್ಯಾತನ ಎತ್ತರದ ಪ್ರಶ್ನೆಗೆ ಮಾತ್ರ ಕಣಿವೆ ಉತ್ತರ ಕೊಡುವುದಿಲ್ಲ. ಕನ್ನಡ ಬೈಬಲ್ ಅನುಸರಿಸುವ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು. ಗ್ರೀಕ್ ಅನುವಾದದ ಹಳೆಯ ಪ್ರತಿಗಳಲ್ಲೂ ಲವಣಸಮುದ್ರದ ಬಳಿ ಸಿಕ್ಕ ಹಳೆಯ ಹಸ್ತಪ್ರತಿ ಸುರುಳಿಯೊಂದರಲ್ಲೂ ನಾಲ್ಕು ಮೊಳ ಒಂದು ಗೇಣು. ಮೊಳದ ಅಳತೆ ಎಷ್ಟೆಂಬುದು ಮರುದಿನ ಸುರಂಗದಲ್ಲಿ ಸಿಗುತ್ತದೆ.

ಮಧ್ಯಾಹ್ನ ಲಾಕೀಷ್. ಇಲ್ಲಿಗೆ ಕನಿಷ್ಠ ಎರಡೂವರೆ ಗಂಟೆ ಇಡಿ. ದಿಬ್ಬದ ಸುತ್ತ ಆಳವಾದ ತಗ್ಗುಗಳಿವೆ, ನೈಋತ್ಯ ಮೂಲೆಯಲ್ಲಿ ಮಾತ್ರ ಪಕ್ಕದ ಗುಡ್ಡಕ್ಕೆ ಅಂಟಿಕೊಂಡಿದೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ಆ ಮೂಲೆಯಲ್ಲೇ ಕಲ್ಲು ಸುರಿದು ಗೋಡೆಯೆತ್ತರಕ್ಕೆ ಇಳಿಜಾರು ಕಟ್ಟಿದ. ಅದು ಇಂದೂ ಇದೆ. ಒಳಗಿನವರು ಅದಕ್ಕೆ ಎದುರಾಗಿ ಮಣ್ಣು ಸುರಿದು ಕಟ್ಟಿದ ಎದುರುದಿಬ್ಬವೂ ಅಗೆತದಲ್ಲಿ ಸಿಕ್ಕಿದೆ, ಜೊತೆಗೆ ನೂರಾರು ಬಾಣದ ಮೊನೆಗಳು. ಸನ್ಹೇರೀಬ ನಿನೆವೆಯ ತನ್ನ ಅರಮನೆಯ ಒಂದು ಕೋಣೆಯ ಗೋಡೆ ತುಂಬ ಈ ಮುತ್ತಿಗೆಯನ್ನೇ ಕೆತ್ತಿಸಿದ್ದಾನೆ: ಇಳಿಜಾರು ಏರುವ ಗೋಡೆಗುದ್ದುವ ಯಂತ್ರಗಳು, ಮೇಲಿನಿಂದ ಎಸೆದ ಪಂಜುಗಳು, ಯಂತ್ರಕ್ಕೆ ಬೆಂಕಿ ಹತ್ತದಂತೆ ಸೌಟಿನಲ್ಲಿ ನೀರು ಹೊಯ್ಯುವ ಸಿಪಾಯಿ, ಗಂಟುಮೂಟೆ ಹೊತ್ತು ಹೊರಡುವ ಸಂಸಾರಗಳು. ಲಾಕೀಷ್ ಎಂಬ ಹೆಸರೂ ಅಲ್ಲೇ ಬರೆದಿದೆ. ಕೆತ್ತನೆಯ ಚಿತ್ರವನ್ನು ಮುದ್ರಿಸಿ ಒಯ್ದು ಇಳಿಜಾರಿನ ಬುಡದಲ್ಲಿ ನಿಂತು ನೋಡಿ, ಜೊತೆಗೆ 2 ಅರಸುಗಳು 18:13–16 ಓದಿ. ಅಶ್ಶೂರದ ದಾಖಲೆ ಯೆಹೂದದ ಅರಸ ಹಿಜ್ಕೀಯನ 46 ಕೋಟೆಯೂರುಗಳನ್ನು ಹಿಡಿದೆನೆಂದೂ, ಅವನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ ಹೇಳುತ್ತದೆ. ಯೆರೂಸಲೇಮನ್ನು ಹಿಡಿದೆ ಎನ್ನುವುದಿಲ್ಲ. ಲಾಕೀಷಿನ ಊರಬಾಗಿಲ ಬಳಿ 1935ರಲ್ಲಿ ಮಡಕೆ ಚೂರಿನ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಅವು ನೂರು ವರ್ಷ ಆಮೇಲಿನ, ಬಾಬೆಲಿನ ದಾಳಿಯ ಕಾಲದವು. ಒಂದರಲ್ಲಿ, ಲಾಕೀಷಿನ ಬೆಂಕಿ ಸಂಕೇತಕ್ಕೆ ಕಾದಿದ್ದೇವೆ, ಅಜೇಕ ನಮಗೆ ಕಾಣುತ್ತಿಲ್ಲ ಎಂದಿದೆ. ಯೆರೆಮೀಯ 34:7ರ ಪ್ರಕಾರ ಕೊನೆಗೆ ಉಳಿದ ಕೋಟೆಗಳು ಇವೆರಡೇ. ಅಜೇಕ ಆಗಲೇ ಬಿದ್ದಿತ್ತು ಎಂದು ಕೆಲವರು ಓದುತ್ತಾರೆ. ಬರೆದವನು ನಿಂತ ಜಾಗದಿಂದ ಅದು ಕಾಣುತ್ತಿರಲಿಲ್ಲ, ಅಷ್ಟೆ, ಎಂದು ಇನ್ನು ಕೆಲವರು. ಬೆಳಿಗ್ಗೆ ಅಜೇಕದ ಮೇಲೆ ನಿಂತು ಬಂದವರು ಲಾಕೀಷಿನ ನೆತ್ತಿಯಿಂದ ಈಶಾನ್ಯಕ್ಕೆ ದುರ್ಬೀನು ಹಿಡಿದು ತಾವೇ ನೋಡಬಹುದು.

ನೀರಿನೊಳಗೆ 533 ಮೀಟರ್

ಅದೇ ಸನ್ಹೇರೀಬನ ಭಯಕ್ಕೆ ಹಿಜ್ಕೀಯ ಮಾಡಿದ ಸಿದ್ಧತೆ ಯೆರೂಸಲೇಮಿನ ಅತಿ ಹಳೆಯ ಭಾಗವಾದ ದಾವೀದನಗರದಲ್ಲಿದೆ. ಗೀಹೋನ್ ಬುಗ್ಗೆ ಊರಿನ ಪೂರ್ವದ ತಪ್ಪಲಲ್ಲಿ, ಶತ್ರುವಿಗೆ ಸಿಗುವಂತಿದೆ. ಅದರ ನೀರನ್ನು ಬಂಡೆಯೊಳಗೆ ಹರಿಸಿ ಊರಿನ ದಕ್ಷಿಣದ ಸಿಲೋವ ಕೊಳಕ್ಕೆ ತಂದ ಸುರಂಗದ ಉದ್ದ 533 ಮೀಟರ್, ಆದಿಯಿಂದ ಅಂತ್ಯಕ್ಕೆ ಇಳಿತ ಸುಮಾರು 30 ಸೆಂ.ಮೀ. ಮಾತ್ರ (2 ಅರಸುಗಳು 20:20, 2 ಪೂರ್ವಕಾಲವೃತ್ತಾಂತ 32:30). ಮೊದಲ ಹೆಜ್ಜೆಗಳಲ್ಲಿ ನೀರು ತೊಡೆಯವರೆಗೆ ಬರುತ್ತದೆ, ಆಮೇಲೆ ಮೊಣಕಾಲಿನ ಕೆಳಗೆ. ಭುಜ ತಾಗುವಷ್ಟು ಇಕ್ಕಟ್ಟು, ಅಲ್ಲಲ್ಲಿ ತಲೆ ಬಗ್ಗಿಸಬೇಕು, ದೀಪವಿಲ್ಲ. ನಲವತ್ತು ನಿಮಿಷ ಬೇಕು. ಹಣೆಗೆ ಕಟ್ಟುವ ಟಾರ್ಚ್, ನೀರಿನಲ್ಲಿ ಕಳಚದ ಚಪ್ಪಲಿ, ಚಡ್ಡಿ ಸಾಕು. ಸೀರೆ ಉಟ್ಟವರಿಗೂ ಮುಚ್ಚಿದ ಜಾಗದ ಭಯವಿದ್ದವರಿಗೂ ಪಕ್ಕದಲ್ಲೇ ಒಣ ಸುರಂಗವಿದೆ.

ಸುಮ್ಮನೆ ದಾಟಿಬಿಡಬೇಡಿ. ಎರಡು ತಂಡಗಳು ಎರಡು ತುದಿಯಿಂದ ಕೊರೆಯುತ್ತ ಬಂದು ನಡುವೆ ಕೂಡಿದವು. ಗೋಡೆಯ ಮೇಲಿನ ಗುದ್ದಲಿ ಗೆರೆಗಳ ಓರೆಯನ್ನು ನೋಡುತ್ತ ನಡೆದರೆ ಒಂದು ಕಡೆ ಗೆರೆಗಳು ತಿರುಗುತ್ತವೆ. ಅದರ ಆಚೀಚೆ ಚಿಕ್ಕ ಚಿಕ್ಕ ಕುರುಡು ಬಿಲಗಳಿವೆ: ಎದುರಿನವರ ಸದ್ದು ಕೇಳಿ ದಿಕ್ಕು ಹುಡುಕಿ ತಪ್ಪಿದ ಕಡೆಗಳು. ಸಿಲೋವದ ತುದಿಯ ಹತ್ತಿರ 1880ರಲ್ಲಿ ಸಿಕ್ಕ ಆರು ಸಾಲಿನ ಶಾಸನವೂ ಇದನ್ನೇ ಹೇಳುತ್ತದೆ. ಒಬ್ಬರ ಕೂಗು ಒಬ್ಬರಿಗೆ ಕೇಳಿಸಿತು, ಗುದ್ದಲಿಗೆ ಗುದ್ದಲಿ ಎದುರಾಯಿತು, ನೀರು 1,200 ಮೊಳ ಹರಿಯಿತು ಎಂದು. ಶಾಸನದಲ್ಲಿ ಹಿಜ್ಕೀಯನ ಹೆಸರಿಲ್ಲ, ಯಾವ ಅರಸನ ಹೆಸರೂ ಇಲ್ಲ. ಕಾಲ ನಿರ್ಣಯ ನಿಂತಿರುವುದು ಅಕ್ಷರದ ಶೈಲಿ, ಬೈಬಲಿನ ವಚನ, ಮತ್ತು 2003ರಲ್ಲಿ ಪ್ರಕಟವಾದ ಗಾರೆಯ ರೇಡಿಯೊಕಾರ್ಬನ್ ಪರೀಕ್ಷೆಯ ಮೇಲೆ.

533 ಮೀಟರನ್ನು 1,200ರಿಂದ ಭಾಗಿಸಿ: ಒಂದು ಮೊಳಕ್ಕೆ 44 ಸೆಂ.ಮೀ. ಚಿಲ್ಲರೆ. 1,200 ಎಂಬುದು ದುಂಡು ಸಂಖ್ಯೆ, ನಿಜ. ಆದರೂ ಮೊಣಕೈಯಿಂದ ಬೆರಳ ತುದಿಯವರೆಗಿನ ನಮ್ಮ ಮೊಳಕ್ಕೆ ಇದು ಹತ್ತಿರವೇ. ಆ ಲೆಕ್ಕದಲ್ಲಿ ಗೊಲ್ಯಾತ ಒಂದು ಪಾಠದ ಪ್ರಕಾರ 2.9 ಮೀಟರ್, ಇನ್ನೊಂದರ ಪ್ರಕಾರ 2 ಮೀಟರ್. ಎರಡನೆಯದೂ ಆ ಕಾಲಕ್ಕೆ ಹೆದರಿಸುವ ಎತ್ತರವೇ.

ಕಪೆರ್ನೌಮಿನ ಮಾಳಿಗೆ

ಗಲಿಲಾಯದಲ್ಲಿ ಒಂದೇ ಉದಾಹರಣೆ ಸಾಕು. ಕಪೆರ್ನೌಮಿನಲ್ಲಿ ಎದ್ದು ಕಾಣುವ ಬಿಳಿಕಲ್ಲಿನ ಸಭಾಮಂದಿರ 4–5ನೇ ಶತಮಾನದ್ದು, ಯೇಸು ಬೋಧಿಸಿದ್ದಲ್ಲ. ಅದರ ಗೋಡೆಯ ಬುಡದಲ್ಲಿರುವ ಕರಿಕಲ್ಲಿನ ಪಾಯವನ್ನು ಬಗ್ಗಿ ನೋಡಿ. 1ನೇ ಶತಮಾನದ ಸಭಾಮಂದಿರವಿದ್ದರೆ ಅದು ಅಲ್ಲಿ. ಆಮೇಲೆ ಸುತ್ತಲಿನ ಮನೆಗಳ ಗೋಡೆ ನೋಡಿ. ಗಾರೆಯಿಲ್ಲದೆ ಪೇರಿಸಿದ ಒರಟು ಕರಿಕಲ್ಲು. ಭಾರದ ಛಾವಣಿ ತಡೆಯುವ ಗೋಡೆಗಳಲ್ಲ. ತೊಲೆ ಹಾಸಿ, ಕಡ್ಡಿ ಹರಡಿ, ಮೇಲೆ ಮಣ್ಣು ಬಡಿದ ಮಾಳಿಗೆಯೇ ಇರಬೇಕು.

ಪಾರ್ಶ್ವವಾಯು ರೋಗಿಯನ್ನು ಛಾವಣಿಯಿಂದ ಇಳಿಸಿದ ಕಥೆಯಲ್ಲಿ ಮಾರ್ಕನು (2:4) ಛಾವಣಿಯನ್ನು ತೋಡಿದರು ಎನ್ನುತ್ತಾನೆ, ಲೂಕನು (5:19) ಹಂಚುಗಳ ನಡುವಿನಿಂದ ಇಳಿಸಿದರು ಎನ್ನುತ್ತಾನೆ. ಬಿಜಾಪುರ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆಯವರಿಗೆ ಮಾರ್ಕನ ಮಾತು ತಕ್ಷಣ ತಿಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುಮಾಡಿದ ಮಂಗಳೂರಿನವರಿಗೆ ಲೂಕನದು. ಕಪೆರ್ನೌಮಿನ ಗೋಡೆಗಳು ಮಾರ್ಕನ ಕಡೆಗಿವೆ. ಲೂಕ ಹಂಚಿನ ಮನೆಯ ಪಟ್ಟಣದ ಓದುಗರಿಗೆ ತಿಳಿಯುವ ಪದ ಬಳಸಿರಬೇಕು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಎಲ್ಲಿ ಕೆಡುತ್ತದೆ

ಮೊದಲನೆಯದು ಗೈಡುಗಳ ಹಳೆಯ ಕತೆಗಳು. ‘ಸೂಜಿಯ ಕಣ್ಣು’ ಎಂಬ ಸಣ್ಣ ಬಾಗಿಲು ಯೆರೂಸಲೇಮಿನ ಗೋಡೆಯಲ್ಲಿತ್ತು, ಒಂಟೆ ಮಂಡಿಯೂರಿ ನುಸುಳುತ್ತಿತ್ತು ಎನ್ನುತ್ತಾರೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತೆಂಬುದಕ್ಕೆ ಪುರಾವೆಯಿಲ್ಲ, ಈ ವಿವರಣೆ ಹುಟ್ಟಿದ್ದು ಮಧ್ಯಯುಗದಲ್ಲಿ. ಯೆರೂಸಲೇಮಿನ ದಕ್ಷಿಣದ ಹಿನ್ನೋಮ್ ಕಣಿವೆ ಸದಾ ಉರಿಯುವ ಕಸದ ತಿಪ್ಪೆಯಾಗಿತ್ತು ಎಂಬುದೂ ಹಾಗೆಯೇ, ಕ್ರಿ.ಶ. 1200ರ ಸುಮಾರಿನ ದಾವೀದ್ ಕಿಮ್ಹಿ ಎಂಬ ರಬ್ಬಿಯ ಬರಹಕ್ಕಿಂತ ಹಿಂದೆ ಅದರ ಸುಳಿವಿಲ್ಲ. ಯೆರಿಕೋ ದಾರಿಯಲ್ಲಿ ‘ಒಳ್ಳೆಯ ಸಮಾರ್ಯದವನ ಛತ್ರ’ವನ್ನೂ ತೋರಿಸುತ್ತಾರೆ. ಸಾಮ್ಯದೊಳಗಿನ ಛತ್ರಕ್ಕೆ ವಿಳಾಸ ಹುಡುಕುವುದು ತಮಾಷೆಯೇ, ಆದರೆ ಅಲ್ಲಿನ ನೆಲಚಿತ್ರಗಳ ಸಂಗ್ರಹಾಲಯ ಚೆನ್ನಾಗಿದೆ.

ಎರಡನೆಯದು ಅವಸರ. ಬೆಂಗಳೂರು, ಮಂಗಳೂರಿನಿಂದ ಹೊರಡುವ ಪ್ಯಾಕೇಜ್ ಟೂರುಗಳಲ್ಲಿ ದಿನಕ್ಕೆ ಐದಾರು ಜಾಗ ತುರುಕಿದ್ದರೆ ಅಧ್ಯಯನಕ್ಕೆ ಸಮಯ ಉಳಿಯುವುದಿಲ್ಲ. ದಿನಕ್ಕೆ ಮೂರು ಮಿತಿ. ಬುಕಿಂಗ್ ಮಾಡುವಾಗಲೇ ಒಂದೆರಡು ಚರ್ಚು ಮತ್ತು ಅಂಗಡಿ ನಿಲುಗಡೆ ಬಿಟ್ಟು ಅಜೇಕ, ಲಾಕೀಷ್ ಸೇರಿಸಲು ಕೇಳಿ. ಗುಂಪಿದ್ದರೆ ಒಪ್ಪುತ್ತಾರೆ.

ಇನ್ನುಳಿದದ್ದು ಹವೆ ಮತ್ತು ಕಟ್ಟುಪಾಡು. ಮಾರ್ಚ್–ಏಪ್ರಿಲ್ ಅಥವಾ ಅಕ್ಟೋಬರ್–ನವೆಂಬರ್ ಸರಿಯಾದ ಕಾಲ. ಬೇಸಿಗೆಯಲ್ಲಿ ಯೊರ್ದನ್ ಕಣಿವೆ 40 ಡಿಗ್ರಿ ದಾಟುತ್ತದೆ, ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ನೀರು ಬೇಕು. ಚಳಿಗಾಲದಲ್ಲಿ ಅಡವಿಯ ಹಳ್ಳಗಳಿಗೆ ಇಳಿಯುವ ಮುನ್ನ ಬೆಟ್ಟದ ಮೇಲಿನ ಹವಾಮಾನ ವರದಿ ನೋಡಲೇಬೇಕು: ನೀವು ನಿಂತಲ್ಲಿ ಬಿಸಿಲಿದ್ದರೂ ಯೆರೂಸಲೇಮಿನಲ್ಲಿ ಸುರಿದ ಮಳೆ ಕಣಿವೆಯಲ್ಲಿ ಗೋಡೆಯಂತೆ ಬರುತ್ತದೆ. ರಾಷ್ಟ್ರೀಯ ಉದ್ಯಾನಗಳು ಶುಕ್ರವಾರ ಬೇಗ ಮುಚ್ಚುತ್ತವೆ. ಅಲ್ ಅಕ್ಸಾ ಆವರಣಕ್ಕೆ ಮುಸ್ಲಿಮೇತರರಿಗೆ ಶುಕ್ರವಾರ, ಶನಿವಾರ ಪ್ರವೇಶವಿಲ್ಲ. ಉಳಿದ ದಿನ ಹೋದರೂ ಬೈಬಲನ್ನು ಕೋಣೆಯಲ್ಲೇ ಬಿಟ್ಟು ಹೋಗಿ, ತಪಾಸಣೆಯಲ್ಲಿ ತಡೆಯುತ್ತಾರೆ. ಬೇತ್ಲೆಹೇಮ್, ಯೆರಿಕೋ, ನಾಬ್ಲುಸ್ ಪ್ಯಾಲೆಸ್ಟೀನ್ ಆಡಳಿತದಲ್ಲಿವೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಗೈಡ್ ಅಲ್ಲಿ ಬದಲಾಗಬಹುದು. ದಾವೀದನಗರ ಇರುವುದು ಸಿಲ್ವಾನ್ ಎಂಬ ಪ್ಯಾಲೆಸ್ಟೀನಿಯರ ಬಡಾವಣೆಯಲ್ಲಿ. ಅಲ್ಲಿನ ಉತ್ಖನನವೇ ವಿವಾದದ ವಸ್ತು, ಫಲಕಗಳನ್ನು ಆ ಎಚ್ಚರದಿಂದ ಓದಬೇಕು. ಹೊರಡುವ ಮುನ್ನ ಭಾರತದ ವಿದೇಶಾಂಗ ಸಚಿವಾಲಯದ ಸುರಕ್ಷತಾ ಸೂಚನೆ ನೋಡದೆ ಟಿಕೆಟ್ ಮಾಡಿಸಬೇಡಿ.

ಇನ್ನೊಂದು ಮಾತು ನಕಾಶೆಯಲ್ಲಿ ಸಿಗುವುದಿಲ್ಲ. ಲಾಕೀಷಿನ ಮುತ್ತಿಗೆಯ ಕೆತ್ತನೆಗಳು ಲಾಕೀಷಿನಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸಿಲೋವದ ಶಾಸನ ಸುರಂಗದಲ್ಲಿಲ್ಲ. ಅದು ಸಿಕ್ಕಾಗ ಯೆರೂಸಲೇಮ್ ಆಟೊಮನ್ ಸುಲ್ತಾನರ ಕೈಯಲ್ಲಿದ್ದ ಕಾರಣ ಇಸ್ತಾನ್‌ಬುಲ್ ಸೇರಿತು, ಈಗಲೂ ಅಲ್ಲಿನ ಪುರಾತತ್ವ ಸಂಗ್ರಹಾಲಯದ ಸೊತ್ತು. ಇಸ್ತಾನ್‌ಬುಲ್ ಮೂಲಕ ಹಾರುವವರು ನಡುವೆ ಒಂದು ದಿನ ಬಿಡುವಿಟ್ಟುಕೊಂಡು, ಆ ಹೊತ್ತಿಗೆ ಅದು ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ, ಸುರಂಗದಲ್ಲಿ ಕಂಡ ಗುದ್ದಲಿ ಗೆರೆಗಳಿಗೆ ಆ ಕೆಲಸದವರದೇ ಆರು ಸಾಲು ಸಿಗುತ್ತವೆ.